ಬೇಲಿ ಮೇಯ್ದರೆ ಪೈರಿಗೆ ಶಿಕ್ಷೆಯೇ?

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ ಸವಳಂಗ ಸಿಗುತ್ತದೆ. ನ್ಯಾಮತಿ, ಹೊನ್ನಾಳಿಗೆ ಹೋಗುವವರು ಇಲ್ಲಿ ಬಸ್ಸು ಬದಲಿಸುತ್ತಾರೆ. ಬೆಳಗಿನ ಹತ್ತು ಗಂಟೆಗೆ ಸರ್ಕಲ್ಲಿನ ಹೋಟೆಲುಗಳ ಮುಂದೆ ನಿಂತ ಹುಡುಗರನ್ನು ಒಮ್ಮೆ ಎಣಿಸಿ ನೋಡಿ. ಇವರು ಶಾಲೆ ಬಿಟ್ಟವರಲ್ಲ, ಶಾಲೆ ಮುಗಿಸಿದವರು. ಬಿ.ಎ. ಆಗಿದೆ, ಐಟಿಐ ಆಗಿದೆ, ಡಿಪ್ಲೊಮಾ ಆಗಿದೆ. ಮೆಕ್ಕೆಜೋಳದ ಹೊಲದಲ್ಲಿ ಅಪ್ಪನಿಗೇ ವರ್ಷವಿಡೀ ಕೆಲಸವಿಲ್ಲ, ಮಗನಿಗೆಲ್ಲಿಂದ ಬರಬೇಕು? ಶಿವಮೊಗ್ಗದ ಅಂಗಡಿಯಲ್ಲೋ ಬೆಂಗಳೂರಿನ ಡೆಲಿವರಿ ಬೈಕಿನ ಮೇಲೋ ಒಂದಷ್ಟು ತಿಂಗಳು ಕಳೆದು ಮರಳಿ ಬಂದವರೂ ಇವರಲ್ಲಿದ್ದಾರೆ.

ಅಂಥದೇ ಒಂದು ಹೋಟೆಲಿನಲ್ಲಿ ನಾವು ಕೂತಿದ್ದಾಗ ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ಆಫ್ರಿಕಾದ ಯಾವುದೋ ನಗರದ ಗ್ಯಾಂಗುಗಳ ಸುದ್ದಿ ತೋರಿಸಿ, ‘ಆ ಜನವೇ ಹಾಗೆ ಬಿಡ್ರೀ, ಕೆಲಸ ಇಲ್ಲ, ಕಳ್ಳತನ ಬಿಟ್ಟು ಬೇರೆ ಗೊತ್ತಿಲ್ಲ’ ಎಂದರು. ಸುತ್ತ ಇದ್ದವರು ತಲೆಯಾಡಿಸಿದರು. ಅದೇ ಪತ್ರಿಕೆಯ ಒಳಪುಟದಲ್ಲಿ ನಮ್ಮದೇ ಜಿಲ್ಲೆಯ ಅಪರಾಧ ಸುದ್ದಿಗಳಿದ್ದವು. ಅವನ್ನು ಓದಿ ‘ಈ ಜನವೇ ಹೀಗೆ’ ಎಂದು ಯಾರೂ ಹೇಳಲಿಲ್ಲ. ಆ ಹಿರಿಯರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಆ ಮಾತು ನಮ್ಮ ಮಕ್ಕಳ ಕೊರಳಿಗೂ ಬೀಳಬಹುದಾದ ಕುಣಿಕೆ. ಆದ್ದರಿಂದ ಅದಕ್ಕೆ ಉತ್ತರ ಕೊಡಲೇಬೇಕಾಗಿದೆ.

ಆಫ್ರಿಕಾ ಹೇಳುವ ನಿಜವಾದ ಪಾಠ

ಮೊದಲಿಗೆ ಆಫ್ರಿಕಾವನ್ನೇ ನೋಡೋಣ. ದಕ್ಷಿಣ ಆಫ್ರಿಕಾದಲ್ಲಿ 15ರಿಂದ 24ರ ವಯಸ್ಸಿನೊಳಗೆ ದುಡಿಮೆ ಬಯಸುವ ಯುವಜನರ ಪೈಕಿ ಸುಮಾರು ನೂರಕ್ಕೆ 60 ಮಂದಿಗೆ ಕೆಲಸವಿಲ್ಲ. ಕೇಪ್‌ಟೌನಿನ ಬಡ ಬಡಾವಣೆಗಳಲ್ಲಿ ಗ್ಯಾಂಗುಗಳು ಬೇರೂರಿವೆ. ಇಷ್ಟನ್ನು ಮಾತ್ರ ಓದಿದರೆ ನಿರುದ್ಯೋಗವೇ ಅಪರಾಧಕ್ಕೆ ಕಾರಣ ಎಂದು ಕೈತೊಳೆದುಕೊಳ್ಳಬಹುದು. ಆದರೆ ಅದೇ ದೇಶದ ಕ್ವಾಝುಲು-ನಟಾಲ್ ಪ್ರಾಂತ್ಯದ ಪೊಲೀಸ್ ಮುಖ್ಯಸ್ಥ ನ್ಲಾನ್ಲಾ ಮ್ಖ್ವಾನಾಝಿ 2025ರ ಜುಲೈಯಲ್ಲಿ ಪತ್ರಕರ್ತರನ್ನು ಕರೆದು ಬೇರೆಯೇ ಮಾತು ಹೇಳಿದರು. ರಾಜಕೀಯ ಕೊಲೆಗಳ ತನಿಖಾ ತಂಡವನ್ನೇ ಮುಚ್ಚಿಸಲಾಗಿದೆ, ಅಪರಾಧಿ ಕೂಟಗಳ ನಂಟು ಪೊಲೀಸ್ ಮಂತ್ರಿಯವರೆಗೂ ಹೋಗಿದೆ ಎಂಬುದು ಅವರ ಆರೋಪ. ಮಂತ್ರಿ ಅದನ್ನು ನಿರಾಕರಿಸಿದರು. ಅಧ್ಯಕ್ಷರು ಮಂತ್ರಿಯನ್ನು ರಜೆಯ ಮೇಲೆ ಕಳಿಸಿ, ನ್ಯಾಯಮೂರ್ತಿ ಮಡ್ಲಾಂಗಾ ಅವರ ನೇತೃತ್ವದಲ್ಲಿ ಆಯೋಗವನ್ನೇ ನೇಮಿಸಬೇಕಾಯಿತು.

ಕೀನ್ಯಾದಲ್ಲಿ 2007ರ ಡಿಸೆಂಬರಿನ ಚುನಾವಣೆಯ ನಂತರ ಸಾವಿರದ ನೂರಕ್ಕೂ ಹೆಚ್ಚು ಜನ ಸತ್ತರು. ಅದನ್ನು ತನಿಖೆ ಮಾಡಿದ ವಾಕಿ ಆಯೋಗ, ಹಿಂಸೆಗಿಳಿದ ಯುವಕರ ಗುಂಪುಗಳ ಹಿಂದೆ ರಾಜಕಾರಣಿಗಳು ಮತ್ತು ಹಣವಂತರು ಇದ್ದುದನ್ನು ದಾಖಲಿಸಿತು. 2025ರ ಜೂನ್‌ನಲ್ಲಿ ಅದೇ ನೈರೋಬಿಯಲ್ಲಿ, ಪೊಲೀಸರ ವಶದಲ್ಲಿದ್ದ ಯುವ ಬ್ಲಾಗರನೊಬ್ಬನ ಸಾವನ್ನು ಪ್ರತಿಭಟಿಸುತ್ತಿದ್ದವರ ಮೇಲೆ ಬಾರುಕೋಲು ಹಿಡಿದ ಪುಂಡರು ಮುಗಿಬಿದ್ದಾಗ ಪೊಲೀಸರು ಪಕ್ಕದಲ್ಲೇ ಇದ್ದರು. ನೈಜೀರಿಯದ ತೈಲ ಸೀಮೆಯಲ್ಲಿ 2003ರ ಚುನಾವಣೆಗೆ ರಾಜಕಾರಣಿಗಳು ಸಾಕಿದ ಹುಡುಗರ ಗುಂಪುಗಳೇ ಮುಂದೆ ಬಂದೂಕು ಕೆಳಗಿಡದೆ ಆ ಸೀಮೆಗೆ ಶಾಪವಾದವು.

ಹೀಗೆ ನೋಡಿದರೆ ಗ್ಯಾಂಗ್ ಎಂಬುದು ಮೂರು ಕಾಲಿನ ಮಣೆ. ಕೆಲಸವಿಲ್ಲದ ಹುಡುಗ ಒಂದು ಕಾಲು. ಅವನನ್ನು ದುಡಿಸಿಕೊಳ್ಳುವ ದಂಧೆಕೋರ ಎರಡನೆಯದು. ದಂಧೆಗೆ ನೆರಳು ಕೊಡುವ ಪ್ರಭುತ್ವ ಮೂರನೆಯದು. ಲೋಕವೆಲ್ಲ ಮೊದಲನೆಯ ಕಾಲನ್ನು ಮಾತ್ರ ನೋಡುತ್ತದೆ, ಅದನ್ನೇ ಹೊಡೆಯುತ್ತದೆ. ಆದರೆ ಮೂರನೆಯ ಕಾಲನ್ನು ತೆಗೆದರೆ ಸಾಕು, ಮಣೆ ಆ ಕ್ಷಣವೇ ಮಗುಚಿ ಬೀಳುತ್ತದೆ. ನಾವು ಹೇಳಲು ಹೊರಟಿರುವುದು ಇಷ್ಟೇ. ಇದು ಆಫ್ರಿಕಾದ ಕಪ್ಪು ಚರ್ಮದ ಗುಣವಲ್ಲ, ಬಡತನದ ಗುಣವೂ ಅಲ್ಲ. ಬೇಲಿಯೇ ಎದ್ದು ಹೊಲ ಮೇಯುವ ಎಲ್ಲ ಊರುಗಳ ಕತೆ. ನಮ್ಮೂರಿನದೂ ಕೂಡ.

ನ್ಯಾಮತಿಯ ಚಿನ್ನ

2024ರ ಅಕ್ಟೋಬರ್ ಕೊನೆಯ ವಾರ ನ್ಯಾಮತಿಯ ಎಸ್‌ಬಿಐ ಶಾಖೆಯಲ್ಲಿ ಗ್ರಾಹಕರು ಅಡವಿಟ್ಟಿದ್ದ 17 ಕಿಲೋಗೂ ಹೆಚ್ಚು ಚಿನ್ನ ಕಳುವಾಯಿತು. ಅಂದಿನ ಬೆಲೆಗೆ ಸುಮಾರು 13 ಕೋಟಿ ರೂಪಾಯಿ. ಕಿಟಕಿಯ ಸರಳು ಕಿತ್ತು, ಗ್ಯಾಸ್ ಕಟ್ಟರಿನಿಂದ ಲಾಕರು ಕೊಯ್ದು, ಕ್ಯಾಮೆರಾದ ದಾಖಲೆಯನ್ನೂ ಹೊತ್ತೊಯ್ದಿದ್ದರು. ಹೊರರಾಜ್ಯದ ವೃತ್ತಿಪರ ತಂಡವೇ ಇರಬೇಕು ಎಂದು ಎಲ್ಲರೂ ಅಂದುಕೊಂಡರು. 2025ರ ಮಾರ್ಚ್ ಕೊನೆಗೆ ಪೊಲೀಸರು ಆರು ಮಂದಿಯನ್ನು ಹಿಡಿದು ತೋರಿಸಿದಾಗ ಊರು ಬೆಚ್ಚಿತು. ಮುಖ್ಯ ಆರೋಪಿ ಅದೇ ನ್ಯಾಮತಿಯಲ್ಲಿ ಸಿಹಿತಿಂಡಿ, ಬೇಕರಿ ಅಂಗಡಿ ನಡೆಸುತ್ತಿದ್ದ ಮೂವತ್ತರ ಆಸುಪಾಸಿನ ಯುವಕ. ಜೊತೆಗಾರರಲ್ಲಿ ಸ್ಥಳೀಯ ಹುಡುಗರೂ ಇದ್ದರು. ಚಿನ್ನ ಸಿಕ್ಕಿದ್ದು ಮಧುರೈ ಜಿಲ್ಲೆಯ ಒಂದು ಬಾವಿಯಲ್ಲಿ. ಪೊಲೀಸರು ಹೇಳಿದ ಪ್ರಕಾರ, 2023ರಲ್ಲಿ ಅಂಗಡಿ ಬೆಳೆಸಲು 15 ಲಕ್ಷ ರೂಪಾಯಿ ಸಾಲ ಕೇಳಿ ಅರ್ಜಿ ಹಾಕಿದ್ದ ಅವನಿಗೆ ಬ್ಯಾಂಕು ಸಾಲ ಕೊಟ್ಟಿರಲಿಲ್ಲ. ಉಳಿದದ್ದನ್ನು ಅವನು ಯೂಟ್ಯೂಬಿನಲ್ಲಿ ಕಲಿತನಂತೆ.

ಸಾಲ ಸಿಗಲಿಲ್ಲವೆಂದು ಕನ್ನ ಹಾಕುವುದಕ್ಕೆ ಸಮರ್ಥನೆಯಿಲ್ಲ. ಆ ಚಿನ್ನ ಬ್ಯಾಂಕಿನದಾಗಿರಲಿಲ್ಲ. ಬಿತ್ತನೆ ಬೀಜಕ್ಕೆ, ಮಗಳ ಫೀಸಿಗೆ, ಬೋರ್‌ವೆಲ್ಲಿಗೆ ಎಂದು ಮನೆಯ ಹೆಂಗಸರು ಕತ್ತಿನಿಂದ ಬಿಚ್ಚಿಕೊಟ್ಟ ಚಿನ್ನ ಅದು. ಐದು ತಿಂಗಳು ಆ ಮನೆಗಳಲ್ಲಿ ಯಾರೂ ನೆಮ್ಮದಿಯಾಗಿ ಉಂಡಿರಲಾರರು. ಪೊಲೀಸರು ಇದನ್ನು ಪತ್ತೆ ಹಚ್ಚಿದ್ದು ಮೆಚ್ಚತಕ್ಕ ಕೆಲಸ. ಅದನ್ನೂ ಹೇಳಬೇಕು.

ಆದರೆ ಇನ್ನೊಂದು ಲೆಕ್ಕವೂ ಇದೆ. ಹದಿನೈದು ಲಕ್ಷಕ್ಕೆ ‘ಇಲ್ಲ’ ಎಂದ ಬ್ಯಾಂಕಿಂಗ್ ವ್ಯವಸ್ಥೆಯೇ ವಿಜಯ್ ಮಲ್ಯರ ಕಿಂಗ್‌ಫಿಷರ್ ವಿಮಾನ ಕಂಪೆನಿಗೆ ಸಾವಿರಾರು ಕೋಟಿ ಕೊಟ್ಟಿತ್ತು. ಸಾಲ ಕೊಟ್ಟ ಬ್ಯಾಂಕುಗಳ ಒಕ್ಕೂಟದ ಮುಂದಾಳು ಎಸ್‌ಬಿಐ. ಬಡ್ಡಿ ಸೇರಿ ಬಾಕಿ 9,000 ಕೋಟಿ ದಾಟಿದ ಮೇಲೆ, ರಾಜ್ಯಸಭೆಯ ಸದಸ್ಯರಾಗಿದ್ದಾಗಲೇ, 2016ರ ಮಾರ್ಚ್ 2ರಂದು ಅವರು ವಿಮಾನ ನಿಲ್ದಾಣದ ಮೂಲಕವೇ ದೇಶ ಬಿಟ್ಟರು. ಆಸ್ತಿ ಮಾರಿ ಹಣ ವಾಪಸಾಗಿದೆ ಎಂದು 2024ರಲ್ಲಿ ಕೇಂದ್ರ ಸರಕಾರ ಹೇಳಿತು. ಹಣ ಬಂದಿರಬಹುದು. ಹೋದ ಮನುಷ್ಯ ಬಂದಿಲ್ಲ. ನ್ಯಾಮತಿಯ ಹುಡುಗ ಬಾವಿಯೊಳಗೆ ಅಡಗಿಸಿದ್ದನ್ನು ಐದು ತಿಂಗಳಲ್ಲಿ ಹುಡುಕಿ ತೆಗೆಯುವ ಶಕ್ತಿ ಈ ದೇಶಕ್ಕಿದೆ. ವಿಮಾನ ಏರುತ್ತಿರುವವರನ್ನು ನೋಡುವ ಕಣ್ಣು ಮಾತ್ರ ಇರಲಿಲ್ಲ.

ಚನ್ನಗಿರಿಯ ಎರಡು ದಿನ

ಈ ತಾರತಮ್ಯವನ್ನು ಅರಿಯಲು ಲಂಡನ್ನಿನವರೆಗೆ ಹೋಗಬೇಕಿಲ್ಲ. ಚನ್ನಗಿರಿಯ ಎರಡು ದಿನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಮೊದಲನೆಯದು 2023ರ ಮಾರ್ಚ್ 7. ಅದಕ್ಕೆ ಐದು ದಿನ ಮೊದಲು ಚನ್ನಗಿರಿಯ ಆಗಿನ ಶಾಸಕ ಮಾಡಾಳ್ ವಿರೂಪಾಕ್ಷಪ್ಪ ಅವರ ಮಗ, ಸ್ವತಃ ಸರಕಾರಿ ಅಧಿಕಾರಿ, 40 ಲಕ್ಷ ರೂಪಾಯಿ ಲಂಚ ಪಡೆಯುವಾಗ ಲೋಕಾಯುಕ್ತರ ಬಲೆಗೆ ಬಿದ್ದರು. ತಂದೆ ಆಗ ಸಾಬೂನು ಮತ್ತು ಮಾರ್ಜಕ ನಿಗಮದ ಅಧ್ಯಕ್ಷರು. ಲಂಚದ ಆರೋಪ ಆ ನಿಗಮದ ಖರೀದಿಗೇ ಸಂಬಂಧಿಸಿದ್ದು. ಮನೆಯಲ್ಲಿ ಸಿಕ್ಕ ನಗದು ಆರು ಕೋಟಿ. ಕಣ್ಮರೆಯಾಗಿದ್ದ ಶಾಸಕರು ನಿರೀಕ್ಷಣಾ ಜಾಮೀನು ಪಡೆದು ಊರಿಗೆ ಬಂದಾಗ ಹಾರ ಹಾಕಿ, ಪಟಾಕಿ ಹಾರಿಸಿ ಮೆರವಣಿಗೆ ಮಾಡಲಾಯಿತು. ಮುಂದೆ ಆ ಜಾಮೀನು ರದ್ದಾಗಿ ಬಂಧನವೂ ಆಯಿತು. ಕೊನೆಗೆ ಅವರ ಮೇಲಿನ ಪ್ರಕರಣವನ್ನು ಹೈಕೋರ್ಟ್ ರದ್ದುಪಡಿಸಿತು. ನ್ಯಾಯಾಲಯದ ತೀರ್ಮಾನಕ್ಕೆ ನಾವು ತಲೆಬಾಗುತ್ತೇವೆ. ನಮ್ಮ ಪ್ರಶ್ನೆ ಆ ಪಟಾಕಿಯ ಬಗ್ಗೆ. ಕೋಟಿಗಳ ಕಂತೆಯನ್ನು ಟಿ.ವಿ.ಯಲ್ಲಿ ನೋಡಿದ ವಾರದಲ್ಲೇ ಹಾರ ಹಿಡಿದು ನಿಂತ ಕೈಗಳಿಗೆ ಏನೂ ಅನಿಸಲಿಲ್ಲವೇ?

ಎರಡನೆಯದು 2024ರ ಮೇ 24. ಓಸಿ ಜೂಜಾಟದ ಆರೋಪದ ಮೇಲೆ ಚನ್ನಗಿರಿಯ ಮೂವತ್ತು ವರ್ಷದ ಮುಸ್ಲಿಮ್ ಯುವಕನೊಬ್ಬನನ್ನು, ಮರಗೆಲಸ ಮಾಡಿ ಬದುಕುತ್ತಿದ್ದವನನ್ನು, ಪೊಲೀಸರು ಠಾಣೆಗೆ ಕರೆತಂದರು. ಅಲ್ಲಿ ಅವನು ಕುಸಿದ, ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಜೀವ ಹೋಗಿತ್ತು. ಅಂದು ರಾತ್ರಿ ಜನ ಠಾಣೆಗೆ ನುಗ್ಗಿದರು, ಕಲ್ಲು ತೂರಿದರು, ವಾಹನಗಳನ್ನು ಜಖಂಗೊಳಿಸಿದರು. ಹನ್ನೊಂದು ಮಂದಿ ಪೊಲೀಸರು ಗಾಯಗೊಂಡರು. ಇದು ಲಾಕಪ್ ಸಾವಲ್ಲ, ಅವನಿಗೆ ಮೊದಲೇ ಕಾಯಿಲೆಯಿತ್ತು ಎಂದು ಮುಖ್ಯಮಂತ್ರಿಗಳು ಹೇಳಿದರು. ಎಫ್‌ಐಆರ್ ದಾಖಲಿಸದೆ ಕರೆತಂದದ್ದು ತಪ್ಪು ಎಂದೂ ಅವರೇ ಹೇಳಿದರು. ಡಿವೈಎಸ್‌ಪಿ ಮತ್ತು ಇನ್ಸ್‌ಪೆಕ್ಟರ್ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು.

ಠಾಣೆಗೆ ಕಲ್ಲು ಹೊಡೆದದ್ದನ್ನು ನಾವು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಸತ್ತವನಿಗೆ ಅದರಿಂದ ನ್ಯಾಯ ಸಿಗಲಿಲ್ಲ. ಬದಲಿಗೆ ಹತ್ತಾರು ಹುಡುಗರು ಜೈಲು ಸೇರಿ, ಅಷ್ಟೂ ಮನೆಗಳ ತಾಯಂದಿರು ಕೋರ್ಟಿನ ಮೆಟ್ಟಿಲು ಹತ್ತಿಳಿದರು. ಆದರೆ ಒಂದು ಮಾತು ಕೇಳದೆ ಬಿಡಲಾಗದು. ಹೈಕೋರ್ಟಿಗೆ ಹೋಗುವ ದಾರಿ ಗೊತ್ತಿದ್ದವರಿಗೆ ಮೆರವಣಿಗೆ, ಗೊತ್ತಿಲ್ಲದ ಬಡಗಿಗೆ ಎಫ್‌ಐಆರ್‌ನ ಒಂದು ಹಾಳೆಯೂ ಇಲ್ಲ ಎಂದರೆ ಕಾನೂನು ಯಾರ ಕಾವಲಿಗಿದೆ?

ಇದೇ ಜಾಗದಲ್ಲಿ ಆಫ್ರಿಕಾವನ್ನು ಮತ್ತೆ ನೆನೆಯಬೇಕು. 2021ರ ಆಗಸ್ಟಿನಲ್ಲಿ ಬೆಂಗಳೂರಿನ ಜೆ.ಸಿ. ನಗರ ಠಾಣೆಯಲ್ಲಿ ಮಾದಕವಸ್ತುವಿನ ಆರೋಪದ ಮೇಲೆ ಹಿಡಿದು ತಂದ ಕಾಂಗೋ ದೇಶದ ಯುವಕನೊಬ್ಬ ವಶದಲ್ಲಿದ್ದಾಗಲೇ ಸತ್ತ. ಹೃದಯಾಘಾತ ಎಂದರು ಪೊಲೀಸರು. ಪ್ರತಿಭಟಿಸಿದ ಆಫ್ರಿಕನ್ನರ ಮೇಲೆ ಲಾಠಿ ಬೀಸಲಾಯಿತು. ಆಗ ನಮ್ಮಲ್ಲಿ ಎಷ್ಟು ಮಂದಿ ಮಾತಾಡಿದೆವು? ‘ಅವರು ಡ್ರಗ್ಸ್ ಮಾರುವವರಲ್ಲವೇ’ ಎಂದು ಸುಮ್ಮನಾದೆವು. ಮೂರು ವರ್ಷದೊಳಗೆ ಚನ್ನಗಿರಿಯ ಹುಡುಗನ ಬಗ್ಗೆ ಊರವರು ‘ಓಸಿ ಬರೆಯುವವನಲ್ಲವೇ’ ಎಂದರು.

ಚೀಟಿ ಬರೆಯುವವನು, ಬುಕ್ಕಿ, ಮಾಮೂಲು

ಓಸಿ ಈ ಸೀಮೆಗೆ ಹೊಸದಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಅದನ್ನು ಅಪರಾಧ ಎನ್ನುತ್ತದೆ. 2007ರಲ್ಲಿ ರಾಜ್ಯ ಸರಕಾರ ಲಾಟರಿಯನ್ನೂ ನಿಷೇಧಿಸಿತು. ಹಾಗಿದ್ದರೂ ದಂಧೆ ಹೇಗೆ ಬದುಕಿದೆ? ಪೆಟ್ಟಿಗೆ ಅಂಗಡಿಯ ಪಕ್ಕ ನಿಂತು ಚೀಟಿ ಬರೆಯುವವನಿಗೆ ಸಿಗುವುದು ಕಮಿಷನ್ನಿನ ಚಿಲ್ಲರೆ. ಹಣವೆಲ್ಲ ಹೋಗುವುದು ಮೇಲಿನ ಬುಕ್ಕಿಗೆ. ಯಾವ ಮೂಲೆಯಲ್ಲಿ ಚೀಟಿ ಬರೆಯುತ್ತಾರೆಂದು ಕೂಲಿಗೆ ಹೋಗುವ ಹೆಂಗಸಿಗೆ ಗೊತ್ತು, ಶಾಲೆಯ ಮಕ್ಕಳಿಗೆ ಗೊತ್ತು. ಬೀಟ್ ಪೊಲೀಸರಿಗೆ ಮಾತ್ರ ಗೊತ್ತಿಲ್ಲವೆಂದರೆ ನಂಬುವುದು ಹೇಗೆ? ಮೇಲಿನಿಂದ ‘ಕೇಸು ತೋರಿಸಿ’ ಎಂದು ಒತ್ತಡ ಬಂದ ದಿನ ಸಿಕ್ಕಿಬೀಳುವವನು ಚೀಟಿ ಬರೆಯುವವನೇ, ಬುಕ್ಕಿಯಲ್ಲ. ಮಾಮೂಲು ಮೇಲಕ್ಕೆ ಹರಿಯುತ್ತದೆ, ಲಾಠಿ ಕೆಳಕ್ಕೆ ಇಳಿಯುತ್ತದೆ.

ಇದು ಬರೀ ಅನುಮಾನವಲ್ಲ. 2015ರಲ್ಲಿ ಒಂದಂಕಿ ಲಾಟರಿ ಹಗರಣ ಹೊರಬಿದ್ದಾಗ ಹಿರಿಯ ಪೊಲೀಸ್ ಅಧಿಕಾರಿಗಳ ಹೆಸರುಗಳೇ ಕೇಳಿಬಂದು, ಅಮಾನತುಗಳಾಗಿ, ತನಿಖೆಯನ್ನು ಸಿಬಿಐಗೆ ಒಪ್ಪಿಸಬೇಕಾಯಿತು. 2025ರ ನವೆಂಬರಿನಲ್ಲಿ ಬೆಂಗಳೂರಿನ ಹಾಡುಹಗಲಲ್ಲಿ ಎಟಿಎಂಗೆ ಹಣ ಸಾಗಿಸುವ ವಾಹನದಿಂದ ಏಳು ಕೋಟಿಗೂ ಹೆಚ್ಚು ದೋಚಿದ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್. ಅದೇ ತಿಂಗಳು ನಮ್ಮ ದಾವಣಗೆರೆಯಲ್ಲಿ ಆಭರಣ ತಯಾರಕನೊಬ್ಬನಿಂದ ಚಿನ್ನ ಕಿತ್ತುಕೊಂಡ ಆರೋಪದ ಮೇಲೆ ಇಬ್ಬರು ಸಬ್‌ಇನ್ಸ್‌ಪೆಕ್ಟರುಗಳೇ ಬಂಧಿತರಾದರು. ಪೊಲೀಸ್ ಇಲಾಖೆಯಲ್ಲಿ ನಿಷ್ಠೆಯಿಂದ ದುಡಿಯುವವರು ಸಾವಿರಾರು ಮಂದಿ ಇದ್ದಾರೆ. ತಮ್ಮವರನ್ನೇ ಹಿಡಿದು ಜೈಲಿಗೆ ಕಳಿಸಿದವರೂ ಅವರೇ. ಅವರಿಗೋಸ್ಕರವಾದರೂ ಈ ಮಾತು ಆಡಬೇಕು.

ಮರಳಿನ ಕತೆಯೂ ಇಷ್ಟೇ. ಹೊನ್ನಾಳಿಯನ್ನು ಬಳಸಿ ಹರಿಯುವ ತುಂಗಭದ್ರೆಯ ಒಡಲಿನಿಂದ ರಾತ್ರಿ ಮರಳು ತುಂಬುವವನು ದಿನಗೂಲಿಯ ಹುಡುಗ, ಟ್ರ್ಯಾಕ್ಟರು ಓಡಿಸುವವನು ಡ್ರೈವಿಂಗ್ ಲೈಸೆನ್ಸೂ ಇಲ್ಲದ ಹುಡುಗ. ಹಿಡಿದರೆ ಕೇಸು ಅವರ ಮೇಲೆ. ತಡೆಯಲು ಹೋದ ಕೆಳಹಂತದ ನೌಕರರಿಗೆ ಸಾವು. 2018ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕಿನಲ್ಲಿ ಗ್ರಾಮಲೆಕ್ಕಿಗರೊಬ್ಬರ ಮೇಲೆ ಮರಳಿನ ಲಾರಿ ಹರಿಯಿತು. 2023ರ ಜೂನ್‌ನಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಒಬ್ಬರನ್ನು ಮರಳಿನ ಟ್ರ್ಯಾಕ್ಟರು ಬಲಿ ತೆಗೆದುಕೊಂಡಿತು. ಸತ್ತವರು ಪ್ರಭುತ್ವದವರೇ. ಆದರೆ ಪ್ರಭುತ್ವದ ಕೆಳಗಿನ ಮೆಟ್ಟಿಲಿನವರು. ಮೇಲಿನ ಮೆಟ್ಟಿಲಿಗೆ ಮರಳಿನ ಧೂಳು ತಾಗುವುದೇ ಇಲ್ಲ.

ಮುಚ್ಚಿದ ಬಾಗಿಲು, ಮಾರಾಟದ ಬಾಗಿಲು

‘ದುಡಿದು ತಿನ್ನಲು ಏನಾಗಿದೆ ಇವರಿಗೆ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕೆಲಸವಿಲ್ಲದ ಹುಡುಗರಲ್ಲಿ ಕಳ್ಳತನಕ್ಕೆ ಇಳಿದವರು ಬೆರಳೆಣಿಕೆಯಷ್ಟು. ಉಳಿದವರು ಸಿಕ್ಕಿದ ಕೂಲಿ ಮಾಡಿ ಮರ್ಯಾದೆಯಿಂದ ಬದುಕುತ್ತಿದ್ದಾರೆ. ನಿರುದ್ಯೋಗಿ ಎಂದರೆ ಅಪರಾಧಿ ಎನ್ನುವುದು ಇವರೆಲ್ಲರಿಗೆ ಮಾಡುವ ಅವಮಾನ. ಆದರೆ ದುಡಿಯುವ ಜಾಗಗಳು ಏನಾದವು ಎಂಬುದನ್ನೂ ನೋಡಬೇಡವೇ?

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವಿತ್ತು. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಭದ್ರಾವತಿಯಲ್ಲಿ 1930ರ ದಶಕದಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಶ್ವೇಶ್ವರಯ್ಯನವರ ಹೆಸರಿನ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವುದಾಗಿ 2023ರ ಜನವರಿಯಲ್ಲಿ ಪ್ರಕಟಣೆ ಬಂದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಅಪ್ಪ ಭದ್ರಾವತಿಯ ಸೈರನ್ನಿಗೆ ಎದ್ದು ಕೆಲಸಕ್ಕೆ ಹೋದ ಮನೆಯ ಮಗ ಈಗ ಅಲಾರಾಂ ಇಡುವುದು ಯಾತಕ್ಕೆ?

ಉಳಿದದ್ದು ಸರಕಾರಿ ನೌಕರಿಯ ಕನಸು. ಅಲ್ಲಿಯೂ ಬೇಲಿಯೇ ಮೇಯಿತು. 545 ಸಬ್‌ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಬರೆದವರು 54 ಸಾವಿರಕ್ಕೂ ಹೆಚ್ಚು. ಕಲಬುರಗಿಯ ಒಂದು ಕೇಂದ್ರದಲ್ಲಿ ಉತ್ತರ ಪತ್ರಿಕೆ ತಿದ್ದಿದ ಸುಳಿವು ಹಿಡಿದು ಹೊರಟ ಸಿಐಡಿ ಕೊನೆಗೆ ತಲುಪಿದ್ದು ಪೊಲೀಸ್ ನೇಮಕಾತಿ ವಿಭಾಗಕ್ಕೇ. 2022ರ ಜುಲೈ 4ರಂದು ಆ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ಅಮೃತ್ ಪಾಲ್ ಬಂಧಿತರಾದರು. ಅವರ ಮೇಲಿನ ಆರೋಪವನ್ನು ನ್ಯಾಯಾಲಯ ತೀರ್ಮಾನಿಸಲಿ. ಪರೀಕ್ಷೆಯಂತೂ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಹಣ ಕೊಡದೆ, ನಿದ್ದೆಗೆಟ್ಟು ಓದಿ ಪಾಸಾಗಿದ್ದ ಹುಡುಗನ ಎರಡೂ ಕಾಲು ವರ್ಷವನ್ನು ಯಾರು ಕದ್ದರು? ಆ ಕಳ್ಳತನಕ್ಕೆ ಯಾವ ಸೆಕ್ಷನ್? ಲಕ್ಷಗಟ್ಟಲೆ ಲಂಚ ಕೊಟ್ಟು ಠಾಣೆಗೆ ಬರುವ ಅಧಿಕಾರಿ ಆ ಹಣವನ್ನು ಎಲ್ಲಿಂದ ಎತ್ತುತ್ತಾನೆ? ಓಸಿಯ ಬುಕ್ಕಿಯಿಂದ, ಮರಳಿನ ಧಣಿಯಿಂದ. ಅಂದರೆ ನೌಕರಿಯ ಹಗರಣವೂ ಬೀದಿಯ ದಂಧೆಯೂ ಒಂದೇ ಬಳ್ಳಿಯ ಕಾಯಿಗಳು.

ಕೆಪಿಎಸ್‌ಸಿಯ ಕತೆ ಇನ್ನೂ ವಿಚಿತ್ರ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟಿನಲ್ಲಿ ನಡೆದ ಪ್ರಶ್ನೆಪತ್ರಿಕೆಯ ಕನ್ನಡವೇ ಅರ್ಥವಾಗದಂತಿತ್ತು. ಡಿಸೆಂಬರ್ 29ರಂದು ಮರುಪರೀಕ್ಷೆ ಮಾಡಿದರು, ಮತ್ತೆ ತಪ್ಪುಗಳು. ಕನ್ನಡನಾಡಿನ ನೌಕರಿಗೆ ಕನ್ನಡದಲ್ಲಿ ಓದಿದವನೇ ಅಡ್ಡಬಿದ್ದ. ಇತ್ತ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸರಕಾರಿ ಹುದ್ದೆಗಳು ಖಾಲಿ ಬಿದ್ದಿವೆಯೆಂದು ಸರಕಾರದ್ದೇ ಲೆಕ್ಕ. 2025ರ ಕೊನೆಗೆ ಧಾರವಾಡದಲ್ಲಿ ಉದ್ಯೋಗಾಕಾಂಕ್ಷಿಗಳು ಬೀದಿಗಿಳಿದದ್ದು ಸುಮ್ಮನೆ ಅಲ್ಲ. 2024ರ ಜನವರಿ 12ರಂದು ನಮ್ಮ ಪಕ್ಕದ ಶಿವಮೊಗ್ಗದಲ್ಲೇ ಯುವನಿಧಿ ಯೋಜನೆಗೆ ಚಾಲನೆ ಸಿಕ್ಕಿತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500, ಎರಡು ವರ್ಷ. ಹಸಿದವನಿಗೆ ಒಂದು ತುತ್ತು ಕೊಟ್ಟದ್ದನ್ನು ನಾವು ಹೀಗಳೆಯುವುದಿಲ್ಲ. ಆದರೆ ಎರಡು ವರ್ಷ ಕಳೆದ ಮೇಲೆ ಆ ಹುಡುಗ ಎಲ್ಲಿಗೆ ಹೋಗಬೇಕು?

ಬಣ್ಣ ಬಳಿದ ಪಡೆಗಳು

ಅವನು ಎಲ್ಲಿಗೆ ಹೋಗುತ್ತಾನೆಂಬುದು ರಾಜಕೀಯದವರಿಗೆ ಚೆನ್ನಾಗಿ ಗೊತ್ತು. ಎಪ್ಪತ್ತರ ದಶಕದ ಬೆಂಗಳೂರಿನಲ್ಲಿ ಗರಡಿಮನೆಯ ಹುಡುಗರನ್ನು ಪಕ್ಷಗಳು ಹೇಗೆ ಬಳಸಿದವು ಎಂಬುದು ಈಗ ಗುಟ್ಟಲ್ಲ. 2022ರ ಕೊನೆಯಲ್ಲಿ ರೌಡಿಪಟ್ಟಿಯಲ್ಲಿದ್ದವರ ಜೊತೆ ಜನಪ್ರತಿನಿಧಿಗಳು ವೇದಿಕೆ ಹಂಚಿಕೊಂಡಾಗ ಪಕ್ಷಗಳು ಪರಸ್ಪರ ಪಟ್ಟಿ ಬಿಡುಗಡೆ ಮಾಡಿದವು. ‘ನಿಮ್ಮಲ್ಲಿ ಹೆಚ್ಚು ರೌಡಿಗಳೋ ನಮ್ಮಲ್ಲೋ’ ಎಂಬುದೇ ಚರ್ಚೆಯಾಯಿತು. ಇದೇ ಪಡೆಗಳಿಗೆ ಧರ್ಮದ ಬಣ್ಣ ಬಳಿದರೆ ಇನ್ನೂ ಅಗ್ಗವಾಗಿ ಸಿಗುತ್ತವೆ. 2022ರ ಫೆಬ್ರವರಿಯಲ್ಲಿ ಶಿವಮೊಗ್ಗದಲ್ಲಿ ಬಜರಂಗದಳದ ಕಾರ್ಯಕರ್ತನೊಬ್ಬನ ಕೊಲೆಯಾಯಿತು. ಸತ್ತವನೂ ಯುವಕ, ಕೊಂದ ಆರೋಪ ಹೊತ್ತವರೂ ಯುವಕರು, ಮರುದಿನ ಮೆರವಣಿಗೆಯಲ್ಲಿ ಕಲ್ಲು ತೂರಿದವರೂ, ಕಲ್ಲು ಬಿದ್ದ ಮನೆಗಳಲ್ಲಿ ನಡುಗಿದವರೂ ಯುವಕರೇ. ಅವರ ಪೈಕಿ ಮಂತ್ರಿಯ ಮಗ ಒಬ್ಬನಾದರೂ ಇದ್ದನೇ?

ಅಧಿಕಾರಕ್ಕೆ ಬಂದ ಪ್ರತಿ ಸರಕಾರವೂ ತನ್ನ ಕಡೆಯವರ ಮೇಲಿನ ಕೇಸು ವಾಪಸು ಪಡೆಯುತ್ತದೆ. ಬಿಜೆಪಿಯೂ ಮಾಡಿದೆ, ಕಾಂಗ್ರೆಸ್ಸೂ ಮಾಡಿದೆ. 2022ರ ಹಳೇಹುಬ್ಬಳ್ಳಿ ಗಲಭೆ ಸೇರಿದಂತೆ 43 ಪ್ರಕರಣಗಳನ್ನು ಹಿಂಪಡೆಯಲು 2024ರಲ್ಲಿ ಹೊರಟ ಆದೇಶವನ್ನು ಹೈಕೋರ್ಟ್ 2025ರ ಮೇ ತಿಂಗಳಲ್ಲಿ ರದ್ದು ಮಾಡಿತು. ಹುಬ್ಬಳ್ಳಿ ಪ್ರಕರಣದ ಆರೋಪಿಗಳಲ್ಲಿ ನಮ್ಮ ಸಮುದಾಯದ ಹುಡುಗರಿದ್ದರು. ಹಾಗೆಂದು ನಾವು ನಮ್ಮ ಮಾತು ಬದಲಿಸುವುದಿಲ್ಲ. ನಿರಪರಾಧಿಯನ್ನು ನ್ಯಾಯಾಲಯ ಬಿಡಿಸಬೇಕು, ಮಂತ್ರಿಮಂಡಲ ಅಲ್ಲ. ಸರಕಾರದ ಕೃಪೆಯಿಂದ ಹೊರಬಂದ ಹುಡುಗ ಮುಂದಿನ ಸಲ ಸರಕಾರದ ಆಳಾಗಿಯೇ ಬೀದಿಗಿಳಿಯುತ್ತಾನೆ.

ನಮ್ಮ ಮನೆಯ ಕಸ

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಕಡೆಗೂ ಕಣ್ಣು ಹಾಯಿಸದಿದ್ದರೆ ನಾವು ಆತ್ಮವಂಚಕರಾಗುತ್ತೇವೆ. ಬೆಂಗಳೂರಿನ ಐಎಂಎ ಕಂಪೆನಿಯನ್ನು ಮರೆಯಬಹುದೇ? ‘ಬಡ್ಡಿಯಿಲ್ಲದ ಹಲಾಲ್ ಹೂಡಿಕೆ’ ಎಂಬ ಹೆಸರಿನಲ್ಲಿ ವಿಧವೆಯರ, ಗಲ್ಫಿನಿಂದ ಮರಳಿದವರ, ಮಗಳ ಮದುವೆಗೆ ಕೂಡಿಟ್ಟವರ ಹಣ ನುಂಗಿ ಅದರ ಒಡೆಯ 2019ರ ಜೂನ್‌ನಲ್ಲಿ ದುಬೈಗೆ ಓಡಿದ. ದೂರು ಕೊಟ್ಟವರೇ 40 ಸಾವಿರ ದಾಟಿದರು. ಕಂಪೆನಿಯ ಬಗ್ಗೆ ಮೊದಲೇ ಎಚ್ಚರಿಕೆ ಬಂದಿತ್ತು. ಪರಿಶೀಲಿಸಬೇಕಿದ್ದ ಕಂದಾಯ ಅಧಿಕಾರಿಗಳು ಕೋಟಿಗಟ್ಟಲೆ ಲಂಚ ಪಡೆದು ‘ಎಲ್ಲ ಸರಿಯಿದೆ’ ಎಂದು ವರದಿ ಕೊಟ್ಟ ಆರೋಪದ ಮೇಲೆ ಬಂಧಿತರಾದರು. ಮಾಜಿ ಮಂತ್ರಿ ರೋಷನ್ ಬೇಗ್ ಅವರನ್ನು 2020ರ ನವೆಂಬರಿನಲ್ಲಿ ಸಿಬಿಐ ಬಂಧಿಸಿತು. ಇಲ್ಲಿ ಮೂರು ಕಾಲಿನ ಮಣೆಗೆ ನಾಲ್ಕನೆಯ ಕಾಲೂ ಇತ್ತು. ಅದು ನಮ್ಮದೇ ವೇದಿಕೆಗಳು, ನಮ್ಮದೇ ಶಿಫಾರಸು ಮಾತುಗಳು. ಗಡ್ಡ ನೋಡಿ ಗಂಟು ಒಪ್ಪಿಸಿದೆವು.

ಊರುಗಳಲ್ಲೂ ಇದೇ. ಜೂಜು ಹರಾಮ್ ಎಂದು ಕುರ್‌ಆನ್ ಸ್ಪಷ್ಟವಾಗಿ ಹೇಳಿದೆ. ಚೀಟಿ ಬರೆಯುವ ಬಡ ಹುಡುಗನಿಗೆ ಮದುವೆಗೆ ಹೆಣ್ಣು ಕೊಡಲು ನಾವು ಹಿಂದೆಮುಂದೆ ನೋಡುತ್ತೇವೆ. ಆದರೆ ಬುಕ್ಕಿ ಮಸೀದಿಯ ಕಟ್ಟಡಕ್ಕೆ ಚೀಲ ಬಿಚ್ಚಿದರೆ ಎದ್ದು ನಿಂತು ಸಲಾಮ್ ಹೇಳುತ್ತೇವೆ. ಹೀಗೆ ಮಾಡುವ ಪ್ರತಿ ಜಮಾಅತ್ತೂ ಚನ್ನಗಿರಿಯ ಪಟಾಕಿಗಿಂತ ಬೇರೆಯದೇನನ್ನೂ ಮಾಡುತ್ತಿಲ್ಲ. ಮಠಕ್ಕೂ ದೇವಸ್ಥಾನದ ಸಮಿತಿಗೂ ಇದೇ ಮಾತು. ಮರಳಿನ ಹಣದಲ್ಲಿ ಕಟ್ಟಿದ ಮಹಾದ್ವಾರದಲ್ಲಿ ಯಾವ ದೇವರು ಒಳಗೆ ಬರುತ್ತಾನೆ?

ಮಖ್‌ಝೂಮ್ ಎಂಬ ಪ್ರತಿಷ್ಠಿತ ಗೋತ್ರದ ಮಹಿಳೆಯೊಬ್ಬಳು ಕದ್ದಾಗ, ದೊಡ್ಡ ಮನೆತನವೆಂದು ಕೆಲವರು ಪ್ರವಾದಿ ಮುಹಮ್ಮದ್(ಸ)ರ ಬಳಿ ಶಿಫಾರಸಿಗೆ ಬಂದ ಪ್ರಸಂಗ ನಮಗೆಲ್ಲ ಗೊತ್ತಿದೆ. ಪ್ರವಾದಿ(ಸ) ಕೋಪಗೊಂಡರು. ಪ್ರತಿಷ್ಠಿತರು ಕದ್ದರೆ ಬಿಟ್ಟು ದುರ್ಬಲರು ಕದ್ದರೆ ಮಾತ್ರ ಶಿಕ್ಷಿಸಿದ್ದರಿಂದಲೇ ಹಿಂದಿನ ಜನಾಂಗಗಳು ನಾಶವಾದವೆಂದು ಎಚ್ಚರಿಸಿದರು. ತಮ್ಮ ಸ್ವಂತ ಮಗಳಾಗಿದ್ದರೂ ಬಿಡುವುದಿಲ್ಲವೆಂದರು. ಇದು ಕಥೆ ಹೇಳಿ ಕಣ್ಣೊರೆಸಿಕೊಳ್ಳಲು ಇರುವ ಮಾತಲ್ಲ, ಆಡಳಿತದ ಮೊದಲ ಪಾಠ. ಖಲೀಫಾ ಉಮರ್(ರ) ಬರಗಾಲದ ವರ್ಷ ಕಳ್ಳತನದ ಶಿಕ್ಷೆಯನ್ನೇ ತಡೆಹಿಡಿದರು. ಜನರಿಗೆ ಅನ್ನ ಕೊಡಲಾಗದ ಆಡಳಿತಕ್ಕೆ ಹಸಿದವನ ಕೈ ಹಿಡಿಯುವ ಹಕ್ಕಿಲ್ಲವೆಂಬುದನ್ನು ಅವರು ಅರಿತಿದ್ದರು. ನಮ್ಮ ನೆಲದ ಶರಣರೂ ಇದನ್ನೇ ಬದುಕಿದರು. ಗಂಡ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನಿಗೆ ಯಾವ ಲೋಕಾಯುಕ್ತರ ಭಯವಿತ್ತು?

ನಾವು ಕೇಳುವುದು

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಠಾಣೆಗಳಲ್ಲಿ ಸಿಸಿ ಕ್ಯಾಮೆರಾ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಆದೇಶಿಸಿದೆ. ನಮ್ಮ ತಾಲೂಕಿನ ಪ್ರತಿ ಠಾಣೆಯಲ್ಲಿ ಅವು ಇವೆಯೇ, ಕೆಲಸ ಮಾಡುತ್ತಿವೆಯೇ ಎಂದು ಜನರಿಗೆ ತಿಳಿಸಿ. ಪೊಲೀಸರ ವಿರುದ್ಧ ದೂರು ಕೊಡಲು ಪ್ರಾಧಿಕಾರಗಳಿರಬೇಕೆಂದು 2006ರಲ್ಲೇ ಆದೇಶವಾಗಿದೆ. ಜಿಲ್ಲೆಯ ಪ್ರಾಧಿಕಾರದ ವಿಳಾಸವನ್ನು ಪ್ರತಿ ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ಬರೆಸಿ. ಓಸಿ ಕೇಸಿನಲ್ಲಿ ಚೀಟಿ ಬರೆಯುವವನನ್ನು ಹಿಡಿದರೆ ಬುಕ್ಕಿಯ ಹೆಸರಿಲ್ಲದೆ ಆರೋಪಪಟ್ಟಿ ಸಲ್ಲಿಸಬೇಡಿ. ಖಾಲಿ ಹುದ್ದೆಗಳಿಗೆ ವರ್ಷಕ್ಕೊಂದು ನಿಗದಿತ ವೇಳಾಪಟ್ಟಿ ಮಾಡಿ. ಪರೀಕ್ಷೆ ರದ್ದಾದರೆ ಪ್ರಾಮಾಣಿಕ ಅಭ್ಯರ್ಥಿಗೆ ವಯೋಮಿತಿಯಲ್ಲಿ ಅಷ್ಟು ವರ್ಷ ಮರಳಿಸಿ.

ನಮ್ಮವರಿಗೂ ಒಂದು ಮಾತು. ಝಕಾತ್‌ನ ಹಣ ರಮಝಾನಿನಲ್ಲಿ ಸೀರೆ, ಕಿಟ್ಟುಗಳಲ್ಲಿ ಮುಗಿದುಹೋಗಬಾರದು. ಒಂದು ಮೊಹಲ್ಲಾದಲ್ಲಿ ವರ್ಷಕ್ಕೆ ಇಬ್ಬರು ಹುಡುಗರಿಗೆ ವೆಲ್ಡಿಂಗ್ ಯಂತ್ರವನ್ನೋ ಹೊಲಿಗೆ ಯಂತ್ರವನ್ನೋ ಕೊಡಿಸಿದರೆ ಹತ್ತು ವರ್ಷದಲ್ಲಿ ಇಪ್ಪತ್ತು ಮನೆ ನಿಲ್ಲುತ್ತವೆ. ಜುಮಾ ಖುತ್ಬಾದಲ್ಲಿ ಜೂಜಾಡುವವನನ್ನು ಬಯ್ಯುವಷ್ಟೇ ಗಟ್ಟಿ ದನಿಯಲ್ಲಿ ಜೂಜು ಆಡಿಸುವವನನ್ನೂ ಬಯ್ಯಿರಿ. ಅವನ ಚೀಲವನ್ನು ಬಾಗಿಲಲ್ಲೇ ವಾಪಸು ಮಾಡಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಅಡಿಕೆ ಬೆಳೆಯುವ ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಸವಳಂಗದ ಸರ್ಕಲ್ಲಿನಲ್ಲಿ ನಾಳೆಯೂ ಬೆಳಿಗ್ಗೆ ಹತ್ತು ಗಂಟೆಗೆ ಹುಡುಗರು ನಿಂತಿರುತ್ತಾರೆ. ಶಿವಮೊಗ್ಗದ ಬಸ್ಸು ಬರುತ್ತದೆ, ಕೆಲವರು ಹತ್ತುತ್ತಾರೆ. ಉಳಿದವರ ಪಕ್ಕದಲ್ಲಿ ಬೈಕು ನಿಲ್ಲಿಸಿ ‘ಬರ್ತೀಯೇನೋ, ಒಂದು ರಾತ್ರಿ ಕೆಲಸ, ಪೊಲೀಸಿನದ್ದೆಲ್ಲ ನಾನು ನೋಡ್ಕೊಳ್ತೀನಿ’ ಎನ್ನುವವನೂ ಬರುತ್ತಾನೆ. ಹುಡುಗನನ್ನು ಕೆಡಿಸುವುದು ಆ ಕರೆಯ ಮೊದಲರ್ಧವಲ್ಲ, ಎರಡನೆಯ ಅರ್ಧ. ‘ಪೊಲೀಸಿನದ್ದು ನಾನು ನೋಡ್ಕೊಳ್ತೀನಿ’ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲದ ದಿನ ಬರಲಿ. ಆ ದಿನ ಈ ಸರ್ಕಲ್ಲಿನಲ್ಲಿ ಒಬ್ಬ ಹುಡುಗನೂ ಹಾಳಾಗುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಹಾಳಾದರೆ ಅದು ಅವನ ತಪ್ಪು ಎಂದು ಹೇಳುವ ಹಕ್ಕು ಆ ದಿನವಾದರೂ ನಮಗೆ ಬಂದೀತು.